ಗುಂಯ್‌ಗುಡುತ್ತಿದ್ದ ಪವರ್ ಸಪ್ಲೈ ಮತ್ತು ಅದರೊಳಗಿನ ಎರಡು ದೋಷಗಳು

ನನ್ನ ಕೆಲಸದ ಮೇಜಿನ ಮೇಲೆ ಕೆಲವು ವರ್ಷಗಳ ಹಿಂದೆ ನಾನೇ ಜೋಡಿಸಿದ 12 ವೋಲ್ಟ್‌ನ ಪವರ್ ಸಪ್ಲೈ ಒಂದಿದೆ. ಅದರ ರಚನೆ ತೀರ ಸರಳವಾದದ್ದು: 15 ವೋಲ್ಟ್, 1 ಆಂಪಿಯರ್‌ನ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿಯಾಗಿಸುವ ನಾಲ್ಕು 1ಎನ್4007 ಡಯೋಡ್‌ಗಳ ಬ್ರಿಜ್, 2200 ಮೈಕ್ರೋಫ್ಯಾರಡ್‌ನ ಒಂದು ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್, ಕೊನೆಯಲ್ಲಿ ವೋಲ್ಟೇಜನ್ನು 12ರಲ್ಲಿ ಹಿಡಿದಿಡುವ, ಹೀಟ್ ಸಿಂಕ್‌ಗೆ ಬಿಗಿದ 7812 ರೆಗ್ಯುಲೇಟರ್. ಎಲೆಕ್ಟ್ರಾನಿಕ್ಸ್ ಕಲಿಯಲು ಹೊರಟವರೆಲ್ಲರೂ ಒಂದಲ್ಲ ಒಂದು ದಿನ ಜೋಡಿಸುವ ಸರ್ಕ್ಯೂಟ್ ಇದು. ಇತ್ತೀಚೆಗೆ ಇದಕ್ಕೆ ಒಂದು ಚಿಕ್ಕ ಆಡಿಯೋ ಆಂಪ್ಲಿಫೈಯರ್ ಜೋಡಿಸಿದಾಗ ಸ್ಪೀಕರ್‌ನಿಂದ ಗುಂಯ್ ಎನ್ನುವ ಸದ್ದು ಕೇಳಿಬಂತು. ದನಿ ಕಡಿಮೆ ಇದ್ದಾಗ ಅದು ಇಲ್ಲವೇ ಇಲ್ಲವೆನ್ನುವಷ್ಟು ಸಣ್ಣದಾಗಿತ್ತು. ದನಿ ಏರಿಸಿದಂತೆ ಹಾಡಿನ ಅಡಿಯಲ್ಲಿ ಸೇರಿಕೊಂಡು ದಪ್ಪಗಾಗುತ್ತಿತ್ತು. ದುರಸ್ತಿ ಮಾಡುವಾಗ ಬರೆದಿಟ್ಟುಕೊಂಡ ಅಳತೆಗಳನ್ನೂ ಅವುಗಳ ಹಿಂದಿನ ಲೆಕ್ಕವನ್ನೂ ಇಲ್ಲಿ ಕೊಡುತ್ತಿದ್ದೇನೆ, ಏಕೆಂದರೆ ಸದ್ದು ನಿಂತ ಮೇಲೂ ಒಳಗೆ ಉಳಿದಿದ್ದ ದೋಷವೊಂದನ್ನು ತೋರಿಸಿಕೊಟ್ಟದ್ದು ಆ ಲೆಕ್ಕವೇ.

ಮೊದಲು ತಿಳಿಯಬೇಕಾಗಿದ್ದದ್ದು ದೋಷ ಆಂಪ್ಲಿಫೈಯರ್‌ನಲ್ಲಿದೆಯೋ ಪವರ್ ಸಪ್ಲೈಯಲ್ಲಿದೆಯೋ ಎಂಬುದು. ಆಂಪ್ಲಿಫೈಯರನ್ನು 12 ವೋಲ್ಟ್‌ನ ಬ್ಯಾಟರಿಗೆ ಜೋಡಿಸಿ, ಅದೇ ಹಾಡನ್ನು ಅದೇ ದನಿಯಲ್ಲಿ ಕೇಳಿದೆ. ಗುಂಯ್ ಸದ್ದು ಸಂಪೂರ್ಣವಾಗಿ ಮಾಯವಾಯಿತು. ಎರಡು ನಿಮಿಷದ ಈ ಪರೀಕ್ಷೆಯನ್ನು ಬಿಟ್ಟುಬಿಟ್ಟು ಆಂಪ್ಲಿಫೈಯರ್‌ನ ಕೆಪ್ಯಾಸಿಟರ್‌ಗಳನ್ನು ಒಂದೊಂದಾಗಿ ಬದಲಿಸುತ್ತಾ ಇಡೀ ಸಂಜೆ ಕಳೆಯುವವರನ್ನು ನೋಡಿದ್ದೇನೆ. ಬದಲಿಸಿ ನೋಡುವ ಮೊದಲು ಬೇರ್ಪಡಿಸಿ ನೋಡುವುದು ಯಾವಾಗಲೂ ಅಗ್ಗ.

ಪೆಟ್ಟಿಗೆ ತೆರೆಯುವ ಮುನ್ನ ಪ್ಲಗ್ ಕಿತ್ತು, ಕೆಪ್ಯಾಸಿಟರ್‌ನಲ್ಲಿ ಉಳಿದಿದ್ದ ವಿದ್ಯುದಂಶವನ್ನು 1 ಕಿಲೋಓಮ್, 1 ವ್ಯಾಟ್‌ನ ರೆಸಿಸ್ಟರ್ ಒಂದರ ಮೂಲಕ ಇಳಿಸಿದೆ. 2200 ಮೈಕ್ರೋಫ್ಯಾರಡ್‌ಗೆ 1 ಕಿಲೋಓಮ್ ಎಂದರೆ ಕಾಲಾಂಕ (ಎರಡರ ಗುಣಲಬ್ಧ, ವೋಲ್ಟೇಜ್ ಸುಮಾರು ಮೂರನೇ ಒಂದಕ್ಕೆ ಇಳಿಯುವ ಹೊತ್ತು) 2.2 ಸೆಕೆಂಡ್, ಅದರ ಐದು ಪಟ್ಟು, ಅಂದರೆ ಹನ್ನೊಂದು ಸೆಕೆಂಡ್ ಹಿಡಿದುಕೊಂಡರೆ ಸಾಕು. ಸ್ಕ್ರೂಡ್ರೈವರ್ ತುದಿಯಿಂದ ಎರಡು ಕಾಲುಗಳನ್ನು ತಟ್ಟಿ ಕಿಡಿ ಹಾರಿಸುವ ರೂಢಿ ಕೆಪ್ಯಾಸಿಟರ್‌ಗೂ ಒಳ್ಳೆಯದಲ್ಲ, ಕಣ್ಣಿಗೂ ಒಳ್ಳೆಯದಲ್ಲ. ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಕಡೆಯ, ಅಂದರೆ ಮನೆಯ ವಿದ್ಯುತ್ ಬರುವ ಕಡೆಯ ತಂತಿಗಳು, ಸ್ವಿಚ್ ಮತ್ತು ಫ್ಯೂಸ್‌ಗೆ ಹೀಟ್ ಶ್ರಿಂಕ್ ಕೊಳವೆ ತೊಡಿಸಿರುವುದರಿಂದ ಮುಂದಿನ ಎಲ್ಲ ಅಳತೆಗಳನ್ನೂ 15 ವೋಲ್ಟ್ ಹೊರಬರುವ ಸೆಕೆಂಡರಿ ಕಡೆಯಲ್ಲೇ, ಬೆರಳು ಜಾರಿದರೂ ಅಪಾಯವಿಲ್ಲದ ಜಾಗದಲ್ಲಿ ಮಾಡಲು ಸಾಧ್ಯವಾಯಿತು. ಪ್ರೈಮರಿ ಕಡೆ ತೆರೆದೇ ಇರುವ ಪೆಟ್ಟಿಗೆಯಾದರೆ ಅದನ್ನು ಮುಚ್ಚುವುದೇ ಮೊದಲ ದುರಸ್ತಿ.

ಮಲ್ಟಿಮೀಟರ್ ಕೈಗೆತ್ತಿಕೊಳ್ಳುವ ಮೊದಲು, ಎಲ್ಲವೂ ಸರಿಯಾಗಿದ್ದರೆ ಎಲ್ಲೆಲ್ಲಿ ಎಷ್ಟೆಷ್ಟು ಕಾಣಬೇಕು ಎಂದು ಕಾಗದದ ಮೇಲೆ ಬರೆದುಕೊಂಡೆ. ಸೆಕೆಂಡರಿಯ 15 ವೋಲ್ಟ್ ಎನ್ನುವುದು ಆರ್‌ಎಂಎಸ್ ಬೆಲೆ, ಅಂದರೆ ಆ ಅಲೆಯಷ್ಟೇ ಬಿಸಿ ಕೊಡುವ ಡಿಸಿಯ ಬೆಲೆ. ಅಲೆಯ ತುದಿ ಅದರ 1.414 ಪಟ್ಟು, ಅಂದರೆ 21.2 ವೋಲ್ಟ್ ಮುಟ್ಟುತ್ತದೆ. ಬ್ರಿಜ್‌ನಲ್ಲಿ ಯಾವ ಕ್ಷಣದಲ್ಲೂ ಎರಡು ಡಯೋಡ್‌ಗಳ ಮೂಲಕ ಪ್ರವಾಹ ಹರಿಯುವುದರಿಂದ, ಕೆಪ್ಯಾಸಿಟರ್ ತುಂಬುವ ಜೋರಾದ ಕ್ಷಣಗಳಲ್ಲಿ ಸುಮಾರು 1.8 ವೋಲ್ಟ್ ಅಲ್ಲೇ ಕಳೆಯುತ್ತದೆ. ಹಾಗಾಗಿ ಕೆಪ್ಯಾಸಿಟರ್ ಮೇಲಿನ ಗರಿಷ್ಠ ವೋಲ್ಟೇಜ್ 19.4ರ ಆಸುಪಾಸಿನಲ್ಲಿರಬೇಕು. ಇನ್ನು ಅಲೆಯ ಒಂದು ತುದಿಯಿಂದ ಮುಂದಿನ ತುದಿ ಬರುವವರೆಗೆ ಲೋಡ್‌ಗೆ, ಅಂದರೆ ಹೊರಬದಿಗೆ ಜೋಡಿಸಿದ ಸಾಧನಕ್ಕೆ, ಬೇಕಾದ ಪ್ರವಾಹವನ್ನು ಕೆಪ್ಯಾಸಿಟರ್ ಒಂದೇ ಒದಗಿಸಬೇಕು, ಒದಗಿಸುತ್ತಾ ತಾನು ಇಳಿಯಬೇಕು. ಈ ಇಳಿತವೇ ರಿಪಲ್. ಪ್ರವಾಹವನ್ನು ಸಮಯದಿಂದ ಗುಣಿಸಿ ಕೆಪ್ಯಾಸಿಟರ್‌ನ ಬೆಲೆಯಿಂದ ಭಾಗಿಸಿದರೆ ಇಳಿತ ಎಷ್ಟೆಂದು ತಿಳಿಯುತ್ತದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಬ್ರಿಜ್ ಸೆಕೆಂಡಿಗೆ 100 ಸಲ ಕೆಪ್ಯಾಸಿಟರನ್ನು ತುಂಬುವುದರಿಂದ ಎರಡು ತುಂಬುವಿಕೆಗಳ ನಡುವಿನ ಅಂತರ 10 ಮಿಲಿಸೆಕೆಂಡ್. ಅದರಲ್ಲಿ ತುಂಬುವ ಹೊತ್ತು ಕಳೆದರೆ ಇಳಿಯುವ ಹೊತ್ತು ಸುಮಾರು 8 ಮಿಲಿಸೆಕೆಂಡ್. ಪರೀಕ್ಷೆಗೆ ಬಳಸಲಿದ್ದ 0.55 ಆಂಪಿಯರ್ ಲೋಡ್‌ಗೆ ಇಳಿತ 2 ವೋಲ್ಟ್ ಎಂದು ಲೆಕ್ಕ ಬರುತ್ತದೆ. ರಿಪಲ್‌ನ ಆಕಾರ ಹೆಚ್ಚುಕಡಿಮೆ ತ್ರಿಕೋನವಾದ್ದರಿಂದ ಮಲ್ಟಿಮೀಟರ್‌ನ ಎಸಿ ರೇಂಜ್‌ನಲ್ಲಿ ಕಾಣುವುದು ಈ 2 ವೋಲ್ಟ್ ಅಲ್ಲ, ಅದನ್ನು ಸುಮಾರು 3.5ರಿಂದ ಭಾಗಿಸಿದಾಗ ಬರುವ 0.6 ವೋಲ್ಟ್. ಈ 0.6 ಎಂಬ ಅಂಕಿಯ ಕೆಳಗೆ ಗೆರೆ ಎಳೆದಿಟ್ಟೆ.

ಲೋಡ್ ಇಲ್ಲದೆ ಅಳೆದಾಗ ಹೊರಬದಿಯಲ್ಲಿ 12.04 ವೋಲ್ಟ್ ಇತ್ತು. ಮುಂಭಾಗದ ಎಲ್‌ಇಡಿ ಅಲುಗದೆ ಬೆಳಗುತ್ತಿತ್ತು. ಹವ್ಯಾಸಿಗಳು ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತಾರೆ ಮತ್ತು ಪವರ್ ಸಪ್ಲೈ ಸರಿಯಾಗಿದೆ ಎಂದು ತೀರ್ಮಾನಿಸುತ್ತಾರೆ. ಆದರೆ ಲೋಡ್ ಇಲ್ಲದಿದ್ದಾಗ ರೆಗ್ಯುಲೇಟರ್‌ನ ಸ್ವಂತ ಖರ್ಚಿನ ಕೆಲವು ಮಿಲಿಆಂಪಿಯರ್ ಮತ್ತು ಎಲ್‌ಇಡಿಯ ಪಾಲು ಬಿಟ್ಟರೆ ಬೇರೇನೂ ಹರಿಯುವುದಿಲ್ಲ. ಅಷ್ಟು ಸಣ್ಣ ಪ್ರವಾಹಕ್ಕೆ ಅರ್ಧ ಸತ್ತ ಕೆಪ್ಯಾಸಿಟರ್ ಕೂಡ ಸಾಕಾಗುತ್ತದೆ. ಪವರ್ ಸಪ್ಲೈ ಒಂದರ ಆರೋಗ್ಯ ತಿಳಿಯುವುದು ಅದರ ಮೇಲೆ ಹೊರೆ ಹೇರಿದಾಗ ಮಾತ್ರ. 22 ಓಮ್, 10 ವ್ಯಾಟ್‌ನ ಸೆರಾಮಿಕ್ ರೆಸಿಸ್ಟರ್ ಒಂದನ್ನು ಹೊರಬದಿಗೆ ಜೋಡಿಸಿದೆ. 12 ವೋಲ್ಟ್‌ಗೆ ಅದು ಎಳೆಯುವುದು 0.55 ಆಂಪಿಯರ್, ಬಿಸಿಯಾಗಿ ಕಳೆಯುವುದು 6.5 ವ್ಯಾಟ್, ಬರಿಗೈಯಲ್ಲಿ ಮುಟ್ಟುವಂತಿಲ್ಲ, ಪ್ಲಾಸ್ಟಿಕ್ ಮೇಲೆ ಇಡುವಂತಿಲ್ಲ.

ಈಗ ಹೊರಬದಿಯ ಡಿಸಿ 11.84 ವೋಲ್ಟ್ ಆಯಿತು. 7812ರ ಡೇಟಾಶೀಟ್ 11.5ರಿಂದ 12.5ರವರೆಗೆ ಎಲ್ಲವನ್ನೂ ಒಪ್ಪುತ್ತದೆಯಾದ್ದರಿಂದ ಈ ಅಂಕಿಯಲ್ಲಿ ತಪ್ಪು ಹುಡುಕಲು ಬರುವುದಿಲ್ಲ. ಆದರೆ ಮಲ್ಟಿಮೀಟರ್‌ನ ಡಿಸಿ ರೇಂಜ್ ತೋರಿಸುವುದು ಸರಾಸರಿಯನ್ನು; ಕ್ಷಣಕ್ಷಣಕ್ಕೂ ಆಗುವ ಕುಸಿತ ಆ ಸರಾಸರಿಯೊಳಗೆ ಅಡಗಿಬಿಡುತ್ತದೆ. ಅದೇ ಬಿಂದುಗಳಲ್ಲಿ ಎಸಿ ರೇಂಜ್‌ಗೆ ತಿರುಗಿಸಿದಾಗ 0.3 ವೋಲ್ಟ್ ಕಂಡಿತು. ರೆಗ್ಯುಲೇಟರ್ ಆದ ಮೇಲೆ ಅಲ್ಲಿ ಕೆಲವೇ ಮಿಲಿವೋಲ್ಟ್‌ಗಳಿಗಿಂತ ಹೆಚ್ಚು ಇರಬಾರದು. ಕೆಪ್ಯಾಸಿಟರ್ ಮೇಲೆ ಅಳೆದಾಗ ಡಿಸಿ 16.0 ವೋಲ್ಟ್, ಎಸಿ 2.1 ವೋಲ್ಟ್. ಬರೆದಿಟ್ಟುಕೊಂಡಿದ್ದ 0.6ಕ್ಕೆ ಇದು ಮೂರೂವರೆ ಪಟ್ಟು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕೆಲವು ಸಾಧಾರಣ ಮಲ್ಟಿಮೀಟರ್‌ಗಳ ಎಸಿ ರೇಂಜ್ ಡಿಸಿಯನ್ನು ತಡೆಯುವುದಿಲ್ಲ. ಶುದ್ಧ ಡಿಸಿಯ ಮೇಲೆ ಇಟ್ಟರೂ ದೊಡ್ಡ ಅಂಕಿಯನ್ನು ತೋರಿಸುತ್ತವೆ. ಕೆಂಪು, ಕಪ್ಪು ಪ್ರೋಬ್‌ಗಳನ್ನು ಅದಲುಬದಲು ಮಾಡಿದಾಗ ಅಂಕಿ ಪೂರ್ತಿ ಬದಲಾಗುವುದಾದರೆ ನಿಮ್ಮ ಮೀಟರ್ ಅಂಥದ್ದು ಎಂದು ತಿಳಿಯಬಹುದು. ಆಗ ಕೆಂಪು ಪ್ರೋಬ್‌ಗೆ ಸರಣಿಯಲ್ಲಿ 0.1 ಮೈಕ್ರೋಫ್ಯಾರಡ್‌ನ ಫಿಲ್ಮ್ ಕೆಪ್ಯಾಸಿಟರ್ ಸೇರಿಸಿದರೆ ಡಿಸಿ ಅಲ್ಲಿಯೇ ನಿಂತು ರಿಪಲ್ ಮಾತ್ರ ಮೀಟರ್ ತಲುಪುತ್ತದೆ.

2.1 ವೋಲ್ಟ್ ಎಸಿ ಎಂದರೆ ತುದಿಯಿಂದ ತಗ್ಗಿಗೆ ಏಳು ವೋಲ್ಟ್‌ಗೂ ಹೆಚ್ಚಿನ ಇಳಿತ. ಹಾಗಾದರೆ ಪ್ರತಿ ಸುತ್ತಿನಲ್ಲೂ ಕೆಪ್ಯಾಸಿಟರ್ 12 ವೋಲ್ಟ್‌ವರೆಗೆ ಇಳಿಯುತ್ತಿದೆ ಎಂದಾಯಿತು. 7812 ತನ್ನ ಹೊರಬದಿಯನ್ನು 12 ವೋಲ್ಟ್‌ನಲ್ಲಿ ಹಿಡಿದಿಡಬೇಕಾದರೆ ಒಳಬದಿಯಲ್ಲಿ ಅದಕ್ಕಿಂತ ಸುಮಾರು 2 ವೋಲ್ಟ್ ಹೆಚ್ಚಿರಲೇಬೇಕು. ಅಷ್ಟು ಇರುವವರೆಗೆ ಅದು ರಿಪಲನ್ನು ಸುಮಾರು 70 ಡೆಸಿಬೆಲ್‌ನಷ್ಟು, ಅಂದರೆ ಮೂರು ಸಾವಿರ ಪಟ್ಟು ತಗ್ಗಿಸುತ್ತದೆ. ಎರಡು ವೋಲ್ಟ್ ರಿಪಲ್ ಹೊರಗೆ ಬರುವಾಗ ಒಂದು ಮಿಲಿವೋಲ್ಟ್‌ಗಿಂತ ಕಡಿಮೆಯಾಗಿರುತ್ತದೆ. ಒಳಬದಿ 14 ವೋಲ್ಟ್‌ಗಿಂತ ಕೆಳಗಿಳಿದ ಕ್ಷಣದಿಂದ ಆ ರಕ್ಷಣೆಯೇ ಇಲ್ಲವಾಗಿ, ಒಳಗಿನ ಕುಸಿತ ಹಾಗೆಯೇ ಹೊರಗೆ ಇಳಿದುಬರುತ್ತದೆ. ದನಿ ಏರಿಸಿದಾಗ ಮಾತ್ರ ಗುಂಯ್ ಸದ್ದು ದಪ್ಪಗಾಗುತ್ತಿದ್ದುದಕ್ಕೆ ಇದೇ ಕಾರಣ: ದನಿ ಏರಿದಷ್ಟೂ ಪ್ರವಾಹ ಹೆಚ್ಚು, ಪ್ರವಾಹ ಹೆಚ್ಚಿದಷ್ಟೂ ತಗ್ಗು ಆಳ. ಇಂಥ ಸದ್ದಿಗೆ ರೆಗ್ಯುಲೇಟರನ್ನೇ ದೂರಿ ಅದನ್ನು ಬದಲಿಸುವವರು ಬಹಳ. ಅದು ತನಗೆ ಸಿಕ್ಕಿದ್ದರಲ್ಲಿ ಮಾಡಬಹುದಾದ್ದನ್ನು ಮಾಡುತ್ತಿರುತ್ತದೆ.

ಸಹಜವಾಗಿಯೇ ಅನುಮಾನ ಕೆಪ್ಯಾಸಿಟರ್ ಮೇಲೆ ಹೋಯಿತು. ಅದರ ತಲೆ ಉಬ್ಬಿರಲಿಲ್ಲ, ಬುಡದಲ್ಲಿ ಸೋರಿಕೆಯ ಕಲೆಯೂ ಇರಲಿಲ್ಲ, ಆದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಒಳಗಿನ ಎಲೆಕ್ಟ್ರೋಲೈಟ್ ಒಣಗುವುದು ಹೊರಗೆ ಕಾಣಲೇಬೇಕೆಂದಿಲ್ಲ. ವಿದ್ಯುತ್ ಆರಿಸಿ, ವಿದ್ಯುದಂಶ ಇಳಿಸಿ, ಧನ ಋಣ ತುದಿಗಳನ್ನು ಎರಡು ಬಾರಿ ನೋಡಿಕೊಂಡು, ಇನ್ನೊಂದು ಹೊಸ 2200 ಮೈಕ್ರೋಫ್ಯಾರಡನ್ನು ಹಳೆಯದಕ್ಕೆ ಸಮಾಂತರವಾಗಿ ತಾತ್ಕಾಲಿಕವಾಗಿ ಬೆಸೆದು ಮತ್ತೆ ಚಾಲೂ ಮಾಡಿದಾಗ ಎಸಿ ಅಂಕಿ ಒಂದು ವೋಲ್ಟ್‌ಗಿಂತ ಕೆಳಗಿಳಿಯಿತು. ಹಳೆಯದನ್ನು ಬೋರ್ಡ್‌ನಿಂದ ಬಿಚ್ಚಿ ಮೀಟರ್‌ನ ಕೆಪ್ಯಾಸಿಟೆನ್ಸ್ ರೇಂಜ್‌ನಲ್ಲಿ ಅಳೆದೆ: 1090 ಮೈಕ್ರೋಫ್ಯಾರಡ್. ಶೇಕಡಾ 20ರ ಏರುಪೇರನ್ನು ಲೆಕ್ಕಕ್ಕೆ ಹಿಡಿದರೂ 1760ಕ್ಕಿಂತ ಕಡಿಮೆ ಇರಬಾರದಾಗಿತ್ತು. ಬೋರ್ಡ್‌ನಲ್ಲಿ ಇದ್ದಂತೆಯೇ ಅಳೆದ ಕೆಪ್ಯಾಸಿಟರ್ ಬೆಲೆಯನ್ನು ನಂಬಬಾರದು, ಅಕ್ಕಪಕ್ಕದ ಬಿಡಿಭಾಗಗಳೂ ಆ ಅಂಕಿಯಲ್ಲಿ ಸೇರಿಕೊಳ್ಳುತ್ತವೆ. ಕನಿಷ್ಠ ಒಂದು ಕಾಲನ್ನಾದರೂ ಬಿಡಿಸಬೇಕು.

ಹೊಸದಾಗಿ ಹಾಕಿದ್ದು 2200 ಮೈಕ್ರೋಫ್ಯಾರಡ್, 35 ವೋಲ್ಟ್, 105 ಡಿಗ್ರಿಯದು. 35 ವೋಲ್ಟ್ ಏಕೆಂದರೆ ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರ್‌ನ ವೋಲ್ಟೇಜ್ ತನ್ನ ಬರಹಕ್ಕಿಂತ ಹೆಚ್ಚಿದ್ದು ಕೆಪ್ಯಾಸಿಟರ್ ಮೇಲೆ 22 ವೋಲ್ಟ್ ದಾಟುತ್ತದೆ. ಮನೆಯ ವಿದ್ಯುತ್ ಶೇಕಡಾ 10 ಏರಿದ ದಿನ 25 ವೋಲ್ಟ್‌ನ ಕೆಪ್ಯಾಸಿಟರ್ ತನ್ನ ಅಂಚಿನಲ್ಲೇ ನಿಲ್ಲಬೇಕಾಗುತ್ತದೆ. 105 ಡಿಗ್ರಿ ಏಕೆಂದರೆ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ನ ಬಾಳಿಕೆ ಪ್ರತಿ 10 ಡಿಗ್ರಿ ಬಿಸಿಗೆ ಹೆಚ್ಚುಕಡಿಮೆ ಅರ್ಧವಾಗುತ್ತಾ ಹೋಗುತ್ತದೆ, ಮತ್ತು ಈ ಪೆಟ್ಟಿಗೆಯಲ್ಲಿ ಅದರ ಪಕ್ಕದಲ್ಲೇ ಹೀಟ್ ಸಿಂಕ್ ಇದೆ.

ಚಾಲೂ ಮಾಡಿದೆ. 22 ಓಮ್ ಲೋಡ್‌ನಲ್ಲಿ ಹೊರಬದಿಯ ಡಿಸಿ 12.03 ವೋಲ್ಟ್, ಎಸಿ ರೇಂಜ್‌ನಲ್ಲಿ ಮೀಟರ್ ಸೊನ್ನೆಯ ಬಳಿ ನಿಂತಿತು. ಆಂಪ್ಲಿಫೈಯರ್ ಜೋಡಿಸಿದಾಗ ಗುಂಯ್ ಸದ್ದು ಇಲ್ಲ. ಮುಚ್ಚಳ ಹಾಕಿಬಿಡಬಹುದಾಗಿತ್ತು. ಆದರೆ ಕೆಪ್ಯಾಸಿಟರ್ ಮೇಲೆ ಪ್ರೋಬ್ ಇಟ್ಟಾಗ ಎಸಿ ಅಂಕಿ 1.15 ವೋಲ್ಟ್ ಇತ್ತು. ಕಾಗದದಲ್ಲಿ ಗೆರೆ ಎಳೆದಿದ್ದ ಅಂಕಿ 0.6. ಹೊಸ ಕೆಪ್ಯಾಸಿಟರನ್ನು ಹಾಕುವ ಮೊದಲೇ ಅಳೆದಿದ್ದೆ, ಅದು 2150 ಇತ್ತು. ಪ್ರವಾಹ ಅಷ್ಟೇ, ಕೆಪ್ಯಾಸಿಟರ್ ಸರಿಯಿದೆ, ಆದರೂ ಇಳಿತ ಎರಡು ಪಟ್ಟು. ಸೂತ್ರದಲ್ಲಿ ಉಳಿದಿದ್ದದ್ದು ಸಮಯ ಒಂದೇ. ಇಳಿಯಲು ಎರಡು ಪಟ್ಟು ಹೊತ್ತು ಸಿಗುತ್ತಿದ್ದರೆ ಮಾತ್ರ ಈ ಅಂಕಿ ಬರಲು ಸಾಧ್ಯ.

ಮೀಟರನ್ನು ಫ್ರೀಕ್ವೆನ್ಸಿ ರೇಂಜ್‌ಗೆ ತಿರುಗಿಸಿ, ಅದೇ 0.1 ಮೈಕ್ರೋಫ್ಯಾರಡ್‌ನ ಮೂಲಕ ರಿಪಲ್‌ನ ಆವರ್ತನ ನೋಡಿದೆ. 100 ಬರಬೇಕಾಗಿದ್ದಲ್ಲಿ 50 ಹರ್ಟ್ಸ್ ಬಂತು. (60 ಹರ್ಟ್ಸ್ ವಿದ್ಯುತ್ ಇರುವ ಕಡೆ ಈ ಜೋಡಿ 120 ಮತ್ತು 60 ಆಗುತ್ತದೆ.) ಅಂದರೆ ಅಲೆಯ ಒಂದು ಅರ್ಧ ಕೆಪ್ಯಾಸಿಟರನ್ನು ತಲುಪುತ್ತಲೇ ಇಲ್ಲ, ಬ್ರಿಜ್‌ನ ನಾಲ್ಕು ಡಯೋಡ್‌ಗಳಲ್ಲಿ ಯಾವುದೋ ಒಂದು ದಾರಿ ಮುಚ್ಚಿಹೋಗಿದೆ. ಅಲೆಯ ಆಕಾರವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇದ್ದವರಿಗೆ ಇದು ಒಂದೇ ನೋಟಕ್ಕೆ ಕಾಣುತ್ತಿತ್ತು. ಇಲ್ಲದವರಿಗೆ ಈ ಎರಡು ಅಂಕಿಗಳೇ ಆಸಿಲೋಸ್ಕೋಪ್.

ವಿದ್ಯುತ್ ಆರಿಸಿ, ಲೋಡ್ ಬಿಚ್ಚಿ, ಮೀಟರ್‌ನ ಡಯೋಡ್ ರೇಂಜ್‌ನಲ್ಲಿ ನಾಲ್ಕನ್ನೂ ಪರೀಕ್ಷಿಸಿದೆ. ನಾಲ್ಕೂ 0.57, 0.58 ವೋಲ್ಟ್ ಎಂದು ತೋರಿಸಿದವು, ಯಾವುದರಲ್ಲೂ ತಪ್ಪಿಲ್ಲ. ಅನೇಕರು ದಾರಿ ತಪ್ಪುವುದು ಇಲ್ಲೇ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬ್ರಿಜ್‌ನ ಎರಡು ಎಸಿ ಬಿಂದುಗಳ ನಡುವೆ ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿ ಸುರುಳಿ ಇದೆ. ಮೀಟರ್ ಕಳಿಸುವ ಡಿಸಿಗೆ ಆ ಸುರುಳಿ ಒಂದೆರಡು ಓಮ್‌ನ ತಂತಿ ಮಾತ್ರ. ಧನ ಬದಿಗೆ ಹೋಗುವ ಎರಡು ಡಯೋಡ್‌ಗಳ ಕ್ಯಾಥೋಡ್‌ಗಳು (ಪ್ರವಾಹ ಹೊರಬರುವ ತುದಿಗಳು) ಹೇಗೂ ಒಂದೇ ಬಿಂದುವಿನಲ್ಲಿ ಸೇರಿವೆ. ಅವುಗಳ ಆನೋಡ್‌ಗಳನ್ನು (ಪ್ರವಾಹ ಒಳಹೋಗುವ ತುದಿಗಳನ್ನು) ಸುರುಳಿ ಸೇರಿಸಿಬಿಡುತ್ತದೆ. ಹಾಗಾಗಿ ಅವೆರಡೂ ಮೀಟರ್‌ನ ಕಣ್ಣಿಗೆ ಸಮಾಂತರವಾಗಿ ಕೂತ ಒಂದೇ ಡಯೋಡ್. ಒಂದರ ದಾರಿ ಕಡಿದಿದ್ದರೂ ಇನ್ನೊಂದು ಅದರ ಪರವಾಗಿ 0.57 ಎಂದು ಉತ್ತರಿಸುತ್ತದೆ. ಋಣ ಬದಿಯ ಜೋಡಿಯ ಕಥೆಯೂ ಇದೇ. ಪ್ರೋಬ್‌ಗಳನ್ನು ತಿರುಗಿಸಿ ಹಿಡಿದಾಗ ಅಂಕಿ ಸ್ವಲ್ಪ ಹೊತ್ತು ನಿಧಾನವಾಗಿ ಏರುತ್ತಾ ಹೋಗುವುದು ಡಯೋಡ್‌ನ ಸೋರಿಕೆಯಲ್ಲ, ಕೆಪ್ಯಾಸಿಟರ್ ತುಂಬಿಕೊಳ್ಳುತ್ತಿರುವುದು.

ಸೆಕೆಂಡರಿಯ ಒಂದು ತಂತಿಯನ್ನು ಬೋರ್ಡ್‌ನಿಂದ ಬಿಡಿಸಿದೆ. ಈ ಬಾರಿ ಡಯೋಡ್‌ಗಳ ಕಾಲುಗಳ ಮೇಲೆ ಪ್ರೋಬ್ ಒತ್ತದೆ, ಬೋರ್ಡ್‌ನ ಹಿಂಬದಿಯಲ್ಲಿ ತಾಮ್ರದ ಪ್ಯಾಡ್‌ನಿಂದ ಪ್ಯಾಡ್‌ಗೆ ಅಳೆದೆ. ಮೂರು ದಾರಿಗಳು 0.57ರ ಆಸುಪಾಸಿನಲ್ಲಿ ಉತ್ತರ ಕೊಟ್ಟವು. ಧನ ಬದಿಯ ಎರಡನೆಯ ಡಯೋಡ್ ‘ಓಎಲ್’, ಅಂದರೆ ದಾರಿ ಕಡಿದಿದೆ, ಎಂದಿತು. ಅದೇ ಡಯೋಡ್‌ನ ಕ್ಯಾಥೋಡ್ ಕಾಲಿನ ತುದಿಗೇ ಪ್ರೋಬ್ ಮುಟ್ಟಿಸಿದಾಗ 0.58. ಎಂದರೆ ಡಯೋಡ್ ಚೆನ್ನಾಗಿದೆ, ಅದರ ಕಾಲು ಮತ್ತು ತಾಮ್ರದ ನಡುವೆ ಸಂಪರ್ಕವಿಲ್ಲ. ಭೂತಗನ್ನಡಿ ಹಿಡಿದು, ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದಾಗ ಬೆಸುಗೆಯ ಗುಡ್ಡೆಯ ನಡುವೆ, ಕಾಲಿನ ಸುತ್ತಲೂ, ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರವೊಂದು ಕಂಡಿತು. ಮರದ ಕಡ್ಡಿಯಿಂದ ಕಾಲನ್ನು ಮೆಲ್ಲನೆ ಒತ್ತಿದರೆ ಮೀಟರ್‌ನಲ್ಲಿ ಅಂಕಿ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಮೊದಲ ಪರೀಕ್ಷೆಯಲ್ಲಿ ಸುರುಳಿ ಬಿಡಿಸಿದ್ದರೂ ಕಾಲಿನ ಮೇಲೆಯೇ ಪ್ರೋಬ್ ಇಟ್ಟಿದ್ದರೆ ಈ ಬಿರುಕು ತಪ್ಪಿಸಿಕೊಳ್ಳುತ್ತಿತ್ತು.

ಬಿರುಕಿಗೆ ಕಾರಣ ಜೋಡಣೆಯಲ್ಲೇ ಇತ್ತು. ಡಯೋಡ್‌ಗಳನ್ನು ಬೋರ್ಡ್‌ಗೆ ಅಂಟಿದಂತೆ ಕೂರಿಸಿ ಕಾಲುಗಳನ್ನು ಬಿಗಿಯಾಗಿ ಮಡಚಿದ್ದೆ. ಕೆಲಸ ಮಾಡುವಾಗ ಡಯೋಡ್ ಕಾಯುತ್ತದೆ, ಆರಿಸಿದಾಗ ತಣಿಯುತ್ತದೆ. ಲೋಹದ ಕಾಲು ಮತ್ತು ಬೋರ್ಡ್ ಹಿಗ್ಗುವ ಪ್ರಮಾಣ ಬೇರೆಬೇರೆ. ನೂರಾರು ಬಾರಿ ಕಾದು ತಣಿದಾಗ ಆ ಎಳೆದಾಟವನ್ನೆಲ್ಲ ಬೆಸುಗೆಯೇ ತಾಳಿಕೊಳ್ಳಬೇಕಾಗುತ್ತದೆ. ಹಳೆಯ ಬೆಸುಗೆಯ ಮೇಲೆ ಹೊಸದನ್ನು ಸವರುವುದು ಸಾಲದು. ಬಿರುಕಿನ ಒಳಗೋಡೆಗೆ ಆಕ್ಸೈಡ್ ಹಿಡಿದಿರುತ್ತದೆ. ಡಿಸಾಲ್ಡರಿಂಗ್ ಬತ್ತಿಯಿಂದ ಹಳೆಯದನ್ನು ಪೂರ್ತಿ ಹೀರಿ ತೆಗೆದು, ಕಾಲನ್ನು ಹೊಳೆಯುವವರೆಗೆ ಕೆರೆದು, ಆಕ್ಸೈಡ್ ಕಳೆಯುವ ಫ್ಲಕ್ಸ್ ಹಚ್ಚಿ, ಕಾಲು ಮತ್ತು ಪ್ಯಾಡ್ ಎರಡನ್ನೂ ಒಟ್ಟಿಗೆ ಕಾಯಿಸಿ ಬೆಸುಗೆ ತಾನಾಗಿ ಹರಡಿಕೊಳ್ಳಲು ಬಿಟ್ಟೆ. ಉಳಿದ ಮೂರರ ಬೆಸುಗೆಯನ್ನೂ ಇದೇ ರೀತಿ ಹೊಸದಾಗಿ ಮಾಡಿ, ನಾಲ್ಕು ಡಯೋಡ್‌ಗಳನ್ನೂ ಬೋರ್ಡ್‌ನಿಂದ ಐದು ಮಿಲಿಮೀಟರ್ ಮೇಲೆತ್ತಿ ಕಾಲುಗಳಿಗೆ ಸಣ್ಣ ಬಾಗು ಕೊಟ್ಟೆ. ಗಾಳಿಯೂ ಆಡುತ್ತದೆ, ಎಳೆತವನ್ನು ಬಾಗು ನುಂಗಿಕೊಳ್ಳುತ್ತದೆ.

ಎರಡು ದೋಷಗಳು ಒಂದೇ ಪೆಟ್ಟಿಗೆಯಲ್ಲಿ ಆಕಸ್ಮಿಕವಾಗಿ ಕೂಡಿಬಂದವೆಂದು ನನಗೆ ಅನ್ನಿಸುವುದಿಲ್ಲ. ಒಂದು ದಾರಿ ಮುಚ್ಚಿದ ಮೇಲೆ ಅಷ್ಟೇ ಪ್ರವಾಹವನ್ನು ಅರ್ಧದಷ್ಟು ಸಲದಲ್ಲಿ ತುಂಬಬೇಕಾಗುತ್ತದೆ. ಪ್ರತಿ ತುಂಬುವಿಕೆಯೂ ಹೆಚ್ಚು ಜೋರಾಗಿ ಕೆಪ್ಯಾಸಿಟರ್‌ನೊಳಗಿನ ರಿಪಲ್ ಪ್ರವಾಹ ಏರುತ್ತದೆ, ಅದು ಒಳಗಿನಿಂದಲೇ ಕಾಯುತ್ತದೆ, ಕಾದಷ್ಟೂ ಬೇಗ ಒಣಗುತ್ತದೆ. ಬೆಸುಗೆ ಮೊದಲು ಬಿರುಕು ಬಿಟ್ಟು, ಕೆಪ್ಯಾಸಿಟರ್ ಅದರ ಬೆಲೆ ತೆತ್ತಿರುವ ಸಾಧ್ಯತೆಯೇ ಹೆಚ್ಚು. ಸದ್ದು ನಿಂತಿತೆಂದು ಅಂದೇ ಮುಚ್ಚಳ ಹಾಕಿದ್ದರೆ ಹೊಸ ಕೆಪ್ಯಾಸಿಟರ್ ಕೂಡ ಅದೇ ದಾರಿ ಹಿಡಿಯುತ್ತಿತ್ತು. ಇನ್ನೊಂದು ಸುಳಿವು ತಿಂಗಳುಗಳಿಂದ ನನ್ನ ಕೈಕೆಳಗೇ ಇತ್ತು: ಟ್ರಾನ್ಸ್‌ಫಾರ್ಮರ್ ಮೊದಲಿಗಿಂತ ಹೆಚ್ಚು ಬೆಚ್ಚಗಿರುತ್ತಿತ್ತು. ಸೆಕೆಂಡರಿಯಲ್ಲಿ ಪ್ರವಾಹ ಒಂದೇ ದಿಕ್ಕಿಗೆ ಹರಿದಾಗ ಕಬ್ಬಿಣದ ತಿರುಳು ಒಂದು ಕಡೆಗೆ ವಾಲಿ ತೃಪ್ತತೆಯತ್ತ, ಅಂದರೆ ಇನ್ನಷ್ಟು ಕಾಂತೀಯವಾಗಲಾರದ ಸ್ಥಿತಿಯತ್ತ, ಸಾಗುತ್ತದೆ, ಪ್ರೈಮರಿ ಎಳೆಯುವ ಪ್ರವಾಹ ಹೆಚ್ಚುತ್ತದೆ, ಸುರುಳಿಗಳು ಕಾಯುತ್ತವೆ. ಬ್ರಿಜ್ ಸರಿಯಿದ್ದಾಗಲೂ, ತುಂಬುವಿಕೆ ಚಿಕ್ಕ ಜೋರಾದ ಹೊಡೆತಗಳಲ್ಲಿ ಆಗುವುದರಿಂದ, 1 ಆಂಪಿಯರ್ ಎಂದು ಬರೆದ ಟ್ರಾನ್ಸ್‌ಫಾರ್ಮರ್‌ನಿಂದ ಸುಮಾರು 0.6 ಆಂಪಿಯರ್ ಡಿಸಿಗಿಂತ ಹೆಚ್ಚನ್ನು ನಿರಂತರವಾಗಿ ಕೇಳಬಾರದು ಎಂಬುದನ್ನು ಇಲ್ಲಿಯೇ ಸೇರಿಸಿ ಹೇಳುತ್ತೇನೆ.

ಸೆಕೆಂಡರಿಯ ತಂತಿಯನ್ನು ಮರಳಿ ಬೆಸೆದು 22 ಓಮ್ ಲೋಡ್‌ನಲ್ಲಿ ಅಳೆದಾಗ ಕೆಪ್ಯಾಸಿಟರ್ ಮೇಲೆ ಡಿಸಿ 18.6 ವೋಲ್ಟ್, ಎಸಿ 0.57 ವೋಲ್ಟ್, ಆವರ್ತನ 100 ಹರ್ಟ್ಸ್. ಹೊರಬದಿ 12.03. ಒಳಬದಿಯ ವೋಲ್ಟೇಜ್ ಏರಿದ್ದರಿಂದ ರೆಗ್ಯುಲೇಟರ್ ಈಗ ಮೊದಲಿಗಿಂತ ಹೆಚ್ಚು ಬಿಸಿಯನ್ನು ಹೊರಹಾಕಬೇಕು: 6.6 ವೋಲ್ಟ್ ವ್ಯತ್ಯಾಸ, 0.55 ಆಂಪಿಯರ್, ಅಂದರೆ 3.6 ವ್ಯಾಟ್. ಹೀಟ್ ಸಿಂಕ್ ಇಲ್ಲದ 7812 ಪ್ರತಿ ವ್ಯಾಟ್‌ಗೆ ಸುಮಾರು 65 ಡಿಗ್ರಿ ಏರುವುದರಿಂದ ಅದು ಬರಿಯ ಮೈಯಲ್ಲಿ ಇದನ್ನು ತಾಳಲಾರದು, ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಒಣಗಿದ್ದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ತೆಳುವಾಗಿ ಹಚ್ಚಿದೆ, ಒಳಬದಿಯ 0.33 ಮತ್ತು ಹೊರಬದಿಯ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್‌ಗಳು ಕಾಲುಗಳ ಬುಡದಲ್ಲೇ ಇವೆಯೆಂದು ನೋಡಿಕೊಂಡೆ. ಇದೇ ಕೆಲಸವನ್ನು ಎಲ್‌ಎಂ317 ರೆಗ್ಯುಲೇಟರ್ ಇರುವ ಪೆಟ್ಟಿಗೆಯಲ್ಲಿ ಮಾಡುವವರು ಅದರ ಲೋಹದ ಬೆನ್ನು ಹೊರಬದಿಗೆ ಸೇರಿದೆ, 7812ರಂತೆ ಗ್ರೌಂಡ್‌ಗೆ ಅಲ್ಲ ಎಂಬುದನ್ನು ಮರೆಯದೆ ಮೈಕಾ ಹಾಳೆ ಇಟ್ಟೇ ಬಿಗಿಯಬೇಕು.

ಲೋಡ್ ಹಾಕಿ ನಾಲ್ಕು ಗಂಟೆ ಬಿಟ್ಟ ಮೇಲೂ ಅಂಕಿಗಳು ಕದಲಲಿಲ್ಲ; ಟ್ರಾನ್ಸ್‌ಫಾರ್ಮರ್ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುವಷ್ಟು ಮಾತ್ರ ಬೆಚ್ಚಗಿತ್ತು. 18.6, 0.57, 100, 12.03 ಎಂಬ ನಾಲ್ಕು ಅಂಕಿಗಳನ್ನೂ, ಅವನ್ನು ಅಳೆದ ಬಿಂದುಗಳನ್ನೂ, ಲೋಡ್ 22 ಓಮ್ ಎಂಬುದನ್ನೂ ಚಿಕ್ಕ ಕಾಗದದಲ್ಲಿ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿ, ನಾಲ್ಕು ಸ್ಕ್ರೂಗಳನ್ನೂ ಬಿಗಿದೆ.